ಬೆನ್ನು ಕಾಯುವವನ ಭಾರ

೧೯೭೧ರ ಯುದ್ಧ ಶುರುವಾಗುವ ಮೊದಲು ನಾನು ಪಶ್ಚಿಮ ಗಡಿಯ ಒಂದು ವಾಯುನೆಲೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದೆ. ಹಾರಿಸುತ್ತಿದ್ದದ್ದು ನ್ಯಾಟ್ ಎಂಬ ಪುಟ್ಟ ಫೈಟರ್ ವಿಮಾನ. ನನ್ನೂರು ಮಂಡ್ಯದ ಹತ್ತಿರದ ಕೆರಗೋಡು. ನನ್ನ ವಿಂಗ್‌ಮನ್, ಅಂದರೆ ಪಕ್ಕದಲ್ಲಿ ಹಾರುತ್ತ ನನ್ನ ಬೆನ್ನು ಕಾಯಬೇಕಾದ ಕಿರಿಯ ಪೈಲಟ್, ಮಳವಳ್ಳಿ ಕಡೆಯ ಪುಟ್ಟಸ್ವಾಮಿ. ಈಗ ಮಂಡ್ಯದ ಶಾಲೆಗಳಲ್ಲಿ ಮಕ್ಕಳು ಎಷ್ಟು ವಿಮಾನ ಹೊಡೆದಿರಿ ಎಂದು ಕೇಳುತ್ತಾರೆ. ಒಂದೂ ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ತಪ್ಪಿಸಿಕೊಳ್ಳುವುದೂ ಒಂದು ವಿದ್ಯೆ ಎಂದು ಅವರಿಗೆ ಹೇಳುವುದು ಕಷ್ಟ.

ಅಭ್ಯಾಸದಲ್ಲಿ ನಾನು ದಿನವೂ ಸಾಯುತ್ತಿದ್ದೆ. ಶತ್ರುವಿನ ಪಾತ್ರದ ವಿಮಾನ ಹಿಂದೆ ಬಿದ್ದ ಕೂಡಲೇ ಪುಟ್ಟಸ್ವಾಮಿ ರೇಡಿಯೋದಲ್ಲಿ "ತಿರುಗಿ ಸಾರ್!" ಎನ್ನುತ್ತಿದ್ದ. ತಿರುಗುತ್ತಿದ್ದೆ. ಹಿಂದಿನವನು ಇನ್ನೂ ದೂರದಲ್ಲಿರುತ್ತಿದ್ದರಿಂದ ಆರಾಮಾಗಿ ನನ್ನ ತಿರುವಿನ ಒಳಗೇ ಬಂದು ಗುರಿ ಹಿಡಿಯುತ್ತಿದ್ದ. ಕೂತು ಯೋಚಿಸಿದೆ. ಹಿಂದಿನವನು ಗುಂಡೇಟಿನ ಅಳತೆಗೆ ಬರುವವರೆಗೂ ನಾನು ನೆಟ್ಟಗೆ ಹಾರಬೇಕು. ಆಗ ಎಂಜಿನ್ ತಗ್ಗಿಸಿ ಅವನ ಕಡೆಗೇ ಗಕ್ಕನೆ ತಿರುಗಿದರೆ, ವೇಗ ತಡೆಯಲಾರದೆ ನನ್ನನ್ನು ದಾಟಿ ಹೋಗಿಬಿಡುತ್ತಾನೆ. ಆದರೆ ಆ ಗಳಿಗೆ ನನಗೆ ಕಾಣುವುದಿಲ್ಲ, ಪುಟ್ಟಸ್ವಾಮಿಗೆ ಕಾಣುತ್ತದೆ. ಅವನೋ ಹಿರಿಯನನ್ನು ಗುಂಡಿನ ಬಾಯಿಗೆ ಕೂರಿಸಿ ಸುಮ್ಮನಿರಲಾರ. ಅವನ ಮರ್ಯಾದೆಯೇ ನನ್ನನ್ನು ಕೊಲ್ಲುತ್ತಿತ್ತು.

ಉಪಾಯವನ್ನೆಲ್ಲ ಹೇಳಿಕೊಟ್ಟರೂ ಅವನು ಬೇಗನೇ ಕೂಗಿಬಿಡುತ್ತಿದ್ದ. ಒಂದು ಸಂಜೆ ರೇಗಿಬಿಟ್ಟೆ. "ಲೇ, ಮ್ಯಾಲಕ್ಕೋದ್ಮೇಲೆ ಸಾರೂ ಇಲ್ಲ ಗೀರೂ ಇಲ್ಲ ಕಣ್ಲಾ. ನಿಮ್ಮೂರ್ ಗೆಣೆಕಾರುನ್ಗೆ ಎಂಗ್ ಬಯ್ತೀಯೋ ಅಂಗೇ ಬಯ್ದು ನಿಲ್ಸು ನನ್ನ."

"ಬಾಯ್ ಬರಾಕಿಲ್ಲ ಸಾ," ಎಂದ.

"ರೂಢಿ ಮಾಡ್ಕೊ. ಇಲ್ದಿದ್ರೆ ನನ್ ಎಣಾನ ನೀನೇ ಊರ್ಗೆ ತಕಂಡೋಗ್ಬೇಕಾಯ್ತದೆ."

ಯುದ್ಧ ಬಂತು. ಒಂದು ಬೆಳಿಗ್ಗೆ ಗಡಿಯ ಮೇಲೆ ಶತ್ರುವಿನ ಸೇಬರ್ ವಿಮಾನವೊಂದು ಸೂರ್ಯನ ಕಡೆಯಿಂದ ನನ್ನ ಬೆನ್ನಿಗೆ ಇಳಿಯಿತು. ರೇಡಿಯೋದಲ್ಲಿ ಪುಟ್ಟಸ್ವಾಮಿಯ ದನಿ: "ಬೆನ್ನಿಂದೆ ಅವ್ನೆ. ಇರ್ಲಾ... ಅಳ್ಳಾಡ್‌ಬ್ಯಾಡ... ಇರ್ಲಾ ಅಂದೆ!" ತಿರುಗಿಬಿಡಬೇಕೆಂಬ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡೆ. "ಈಗ! ಎಡಕ್ಕೆ!" ಎಂಜಿನ್ ತಗ್ಗಿಸಿ ಬಲವಾಗಿ ಎಳೆದೆ. ನಾನಿದ್ದ ಜಾಗದಲ್ಲಿ ಗುಂಡುಗಳು ಹಾದುಹೋದವು. ಅವುಗಳ ಹಿಂದೆಯೇ ಸೇಬರ್ ನನ್ನನ್ನು ದಾಟಿ ಮುಂದೆ ನುಗ್ಗಿತು. ಇಬ್ಬರೂ ಅಟ್ಟಿಸಿಕೊಂಡು ಹೋದೆವು. ಅದು ತನ್ನ ಗಡಿಯೊಳಕ್ಕೆ ಓಡಿತು.

ಇಳಿದ ಮೇಲೆ ಖುಷಿಯಿಂದ ಬೆನ್ನು ತಟ್ಟಲು ಹೋದೆ. ಪುಟ್ಟಸ್ವಾಮಿ ರೆಕ್ಕೆಯ ಕೆಳಗೆ ಕೂತು ವಾಂತಿ ಮಾಡುತ್ತಿದ್ದ.

"ನೀವು ನಂಬ್ಕಂಡ್ ಕುಂತಿದ್ರಿ ಸಾ. ನಾನ್ ವಸಿ ತಡ ಮಾಡಿದ್ರೆ, ನಿಮ್ಮ ಕೊಂದೋನು ಅವ್ನಲ್ಲ, ನಾನು."

ನನ್ನ ತಂತ್ರದ ಇನ್ನರ್ಧ ನನಗೆ ಕಂಡದ್ದು ಆಗಲೇ. ಮರುದಿನ ಅವನನ್ನು ಮುಂದೆ ಹಾರಿಸಿ ಬೆನ್ನು ಕಾಯಲು ನಾನು ನಿಂತೆ. ಅವತ್ತೂ ಶತ್ರುವೊಬ್ಬ ಅವನ ಬೆನ್ನಿಗೆ ಬಿದ್ದ. ಪುಟ್ಟಸ್ವಾಮಿಯನ್ನು ನೆಟ್ಟಗೆ ಹಾರಿಸಿಕೊಂಡು ಆ ಗಳಿಗೆಗಾಗಿ ಕಾದೆ. ಅಷ್ಟು ದೊಡ್ಡ ಹೆದರಿಕೆ ನನ್ನ ತಲೆಯ ಮೇಲೇ ಗುಂಡು ಹಾರಿದಾಗಲೂ ಆಗಿರಲಿಲ್ಲ. ಅವನು ಬದುಕಿ ಬಂದ. ಇನ್ನೊಬ್ಬರ ಮೇಲೆ ಹೊರಿಸುವ ಭಾರವನ್ನು ಒಮ್ಮೆಯಾದರೂ ತಾನು ಹೊತ್ತು ನೋಡದವನು ಅಪ್ಪಣೆ ಕೊಡಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.