ರತ್ನಮ್ಮನವರ ಕಾಲು

ನಿವೃತ್ತಿಗೆ ಒಂದು ವರ್ಷ ಮೊದಲು ನಾನು ಚಿಕ್ಕಬಳ್ಳಾಪುರದ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಹಿರಿಯ ಎಂಆರ್‌ಐ ಟೆಕ್ನಾಲಜಿಸ್ಟ್ ಆಗಿದ್ದೆ. ಆಗ ನರರೋಗ ತಜ್ಞೆಯೊಬ್ಬರು ನಮ್ಮಲ್ಲಿ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಬಗ್ಗೆ ಅಧ್ಯಯನ ನಡೆಸುತ್ತಿದ್ದರು. ಕೂತರೆ, ಮಲಗಿದರೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಅಲ್ಲಾಡಿಸದೆ ಇರಲಾಗದ ಕಾಯಿಲೆ ಅದು. ಸಂಜೆಯಾದಂತೆ ಹೆಚ್ಚುತ್ತದೆ. ಒದ್ದಾಟ ಕಾಲಿನದಾದರೂ ಮೂಲ ಮೆದುಳಿನದು. ಅಲ್ಲಿನ ಕೆಲವು ಭಾಗಗಳಲ್ಲಿ ಕಬ್ಬಿಣಾಂಶ ಕಡಿಮೆಯಿದೆಯೇ ಎಂದು ಎಂಆರ್‌ಐ ಚಿತ್ರಗಳಲ್ಲಿ ನೋಡುವುದು ಡಾಕ್ಟರ ಉದ್ದೇಶ. ಅದಕ್ಕಾಗಿ ರೋಗಿಯ ಜೊತೆಗೆ ಅದೇ ಮನೆಯ, ತೊಂದರೆಯಿಲ್ಲದ ಒಬ್ಬರನ್ನೂ ಸ್ಕ್ಯಾನ್ ಮಾಡಿ ಹೋಲಿಸುತ್ತಿದ್ದರು.

ದಿಬ್ಬೂರಹಳ್ಳಿಯ ಶೋಭಾ ಬಂದದ್ದು ಹಾಗೆ. ಗೌರಿಬಿದನೂರಿನ ಕಚೇರಿಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದ ಹುಡುಗಿ, ಕುರ್ಚಿಯಲ್ಲಿ ಕೂರಲಾಗದೆ ಕೆಲಸವನ್ನೇ ಬಿಡುವ ಹಂತಕ್ಕೆ ಬಂದಿದ್ದಳು. ತೊಂದರೆಯಿಲ್ಲದವರ ಲೆಕ್ಕಕ್ಕೆ ಬಂದವರು ತಾಯಿ ರತ್ನಮ್ಮ. ಡಾಕ್ಟರ ಪ್ರಶ್ನೆಗಳಿಗೆಲ್ಲ ಆಕೆ ಇಲ್ಲ, ಇಲ್ಲ ಎಂದೇ ಉತ್ತರಿಸಿದ್ದರು. ನಮ್ಮ ಬೆಂಚಿನ ಮೇಲೂ ಕೂರದೆ, ಮಗಳ ಕಾಲು ಅಲ್ಲಾಡಿದಾಗಲೆಲ್ಲ ಗದರುತ್ತಿದ್ದರು.

"ನಿಲ್ಸೇ ಅದನ್ನ. ಮನೆಗೆ ದರಿದ್ರ ಕಣೇ."

"ಚಿಕ್ಕೋಳಿದ್ದಾಗ ಅಮ್ಮ ಇದಕ್ಕೇ ಹಿಪ್ಪುನೇರಳೆ ಕಡ್ಡೀಲಿ ಹೊಡೀತಿದ್ರು ಸಾರ್," ಎಂದಳು ಶೋಭಾ. "ಅವ್ರು ಮಾತ್ರ ಕೂತಿದ್ದನ್ನ ನಾನು ನೋಡೇ ಇಲ್ಲ. ರೇಷ್ಮೆಹುಳಕ್ಕೆ ಸೊಪ್ಪು ಹಾಕ್ತಾ ಓಡಾಡ್ತಾನೇ ಇರ್ತಾರೆ. ದುಡಿಯೋದು ಅಂದ್ರೆ ರತ್ನಮ್ಮ ಅಂತ ಊರೆಲ್ಲ ಹೆಸರು."

ಮಗಳ ಸ್ಕ್ಯಾನನ್ನು ನಡುನಡುವೆ ಬಿಡುವು ಕೊಟ್ಟು ಮುಗಿಸಿದೆ. ಸಂಜೆ ತಾಯಿಯ ಸರದಿ. ನಾವು ಯಂತ್ರ ನಡೆಸುವ ಕೊಠಡಿಗೆ ಹೊರಗಿನವರನ್ನು ಬಿಡಬಾರದು. ಶೋಭಾ ಬಂದು ನಿಂತಾಗ, ಇರಲಿ ಪಾಪ, ಎಂದು ಸುಮ್ಮನಾದೆ. ಮೊದಲ ಚಿತ್ರಗಳೇ ಕಲಸಿಹೋಗಿದ್ದವು. ಮೈ ಕದಲಿದರೆ ತಲೆಯೂ ಕದಲಿ ಹೀಗಾಗುತ್ತದೆ. ಗಾಜಿನಾಚೆ ನೋಡಿದರೆ ಹೊದಿಕೆಯಡಿ ರತ್ನಮ್ಮನವರ ಪಾದಗಳು ಒಂದನ್ನೊಂದು ಉಜ್ಜುತ್ತ, ಹಿಡಿದಷ್ಟೂ ಬಿಡಿಸಿಕೊಂಡು ಎಗರುತ್ತಿದ್ದವು. ನಾನು ಮೈಕ್ ಒತ್ತಿ, ದೊಡ್ಡ ತಮಾಷೆ ಮಾಡುವವನಂತೆ ಹೇಳಿದೆ:

"ಏನಮ್ಮಾ, ನಿಮ್ ಕಾಲೂ ಮಗಳ ಥರಾನೇ ಕುಣೀತಿದೆಯಲ್ಲ!"

ಶೋಭಾ ನಗಲಿಲ್ಲ. ಗಾಜಿಗೆ ಮುಖವಿಟ್ಟು ಆ ಪಾದಗಳನ್ನೇ ನೋಡುತ್ತಿದ್ದಳು. ತಾಯಿ, ನಮ್ಮನ್ನು ಕರೆಯಲೆಂದು ಕೈಗೆ ಕೊಟ್ಟಿದ್ದ ಗುಂಡಿಯನ್ನು ಬಿಡದೆ ಒತ್ತತೊಡಗಿದರು. ಹೊರಗೆ ಕರೆತಂದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

"ನಿಂಗೂ ಇತ್ತಾ? ಗೊತ್ತಿದ್ದೂ ಹೊಡೆದ್ಯಾ?" ಮಗಳು ಕೇಳಿದಳು.

"ಗೊತ್ತಿದ್ದಕ್ಕೇ ಹೊಡ್ದೆ ಕಣೇ. ನನ್ ಥರ ಆಗ್ಬಾರ್ದು ಅಂತ. ಹೊಡೆದ್ರೆ ಹೋಗುತ್ತೆ ಅನ್ಕೊಂಡಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ನನ್ ಚಿತ್ರ ಅಳಿಸ್ಬಿಡಿ ಸಾರ್. ಊರಲ್ಲಿ ಗೊತ್ತಾದ್ರೆ ನಾನು ತಲೆ ಎತ್ತೋ ಹಂಗಿಲ್ಲ."

ಡಾಕ್ಟರು ಅವರನ್ನು ಒಳಗೆ ಕರೆದು ಇದು ದರಿದ್ರವಲ್ಲ, ಮನೆತನದಲ್ಲಿ ಬರಬಹುದಾದ ಕಾಯಿಲೆ, ರಕ್ತ ಪರೀಕ್ಷೆ ಮಾಡಿ ಔಷಧಿ ಕೊಡಬಹುದು ಎಂದು ಸಮಾಧಾನವಾಗಿ ವಿವರಿಸಿದರು. ಶೋಭಾ ಚಿಕಿತ್ಸೆಗೆ ಒಪ್ಪಿದಳು. ರತ್ನಮ್ಮ ಒಪ್ಪಲಿಲ್ಲ. ಅವರು ಕೇಳಿದಂತೆ ಚಿತ್ರಗಳನ್ನು ಅಳಿಸಿದೆವು. ಇಬ್ಬರೂ ಬಸ್ ಸ್ಟ್ಯಾಂಡಿನತ್ತ ಹೊರಟಾಗ ನಾನು ಹಿಂದೆ ಓಡಿ ಕ್ಷಮೆ ಕೇಳಿದೆ.

"ನೀವೇನ್ ಮಾಡ್ತೀರಪ್ಪ," ಎಂದರು ರತ್ನಮ್ಮ, ನೆಲ ನೋಡುತ್ತ. "ಮೆಷಿನ್ನು ಹೇಳ್ಬಿಡ್ತು."

ಮೆಷಿನ್ನು ಹೇಳಿರಲಿಲ್ಲ. ಅದು ಕಂಡದ್ದನ್ನು ಪರದೆಯ ಮೇಲಿಟ್ಟು ಸುಮ್ಮನಿತ್ತು. ನಾನೂ ಅಷ್ಟೇ ಮಾಡಬೇಕಿತ್ತು. ನನ್ನ ಕೆಲಸದ ಅರ್ಧ ಪಾಲು ಬಾಯಿ ಮುಚ್ಚಿಕೊಂಡಿರುವುದು ಎಂಬುದು ವೃತ್ತಿ ಮುಗಿಯುವ ಹೊತ್ತಿಗೆ ನನಗೆ ತಿಳಿಯಿತು, ಅದೂ ಆ ತಾಯಿಯ ಮಾನದ ಖರ್ಚಿನಲ್ಲಿ.