ಹಾಳೆ ಕತ್ತರಿಸುವ ಮೊದಲೇ

ನಮ್ಮ ಭಾಗ ಮುಂಬಯಿ ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷಗಳಾಗಿದ್ದವು. ನಾನು ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಸೇರಿದ್ದೆ. ದೀಪಾವಳಿ ಸೂಟಿ ಬಿದ್ದ ದಿನ ವಾಚನಾಲಯಕ್ಕೆ ಹೋಗಿ, ಮನಸ್ಸಿಗೆ ಧೈರ್ಯ ತುಂಬುವಂಥ ಒಂದು ಕಾದಂಬರಿ ಬೇಕೆಂದು ಕೇಳಿದೆ. ಬನಹಟ್ಟಿಯಲ್ಲಿದ್ದ ಅಕ್ಕನಿಗೆ ಓದಿ ಹೇಳುವುದಿತ್ತು. ಆಷಾಢದಲ್ಲಿ ಆಕೆಯ ಮೂರು ವರ್ಷದ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಅಕ್ಕ ಒಂದು ಮಾತೂ ಆಡಿರಲಿಲ್ಲ. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕತೆ ಕೇಳುವುದೆಂದರೆ ಚಿಕ್ಕಂದಿನಿಂದಲೂ ಜೀವ.

ಆರಿಸುವುದು ಸುಲಭವಾಗಲಿಲ್ಲ. ಒಂದು ಪುಸ್ತಕದಲ್ಲಿ ನಾಯಕಿ ಬಾವಿಗೆ ಹಾರುತ್ತಿದ್ದಳು. ಇನ್ನೊಂದರ ಎರಡನೆಯ ಅಧ್ಯಾಯದಲ್ಲೇ ಕೂಸು ಸಾಯುತ್ತಿತ್ತು. ಮತ್ತೊಂದು ಬರೀ ಉಪದೇಶ. ನನ್ನ ಪೇಚಾಟ ನೋಡುತ್ತಿದ್ದ ಮುದುಕ ಗ್ರಂಥಪಾಲರು ಒಳಗಿನಿಂದ ಹೊಸದೊಂದನ್ನು ತಂದುಕೊಟ್ಟರು.

"ಇದನ್ನ ಇನ್ನೂ ಯಾರೂ ಓದಿಲ್ರಿ ಬಾಯಾರ. ಹಾಳಿ ಸೈತ ಕತ್ತರಿಸಿಲ್ಲ."

ಆಗ ಕೆಲವು ಪುಸ್ತಕಗಳು ಅಂಚು ಬಿಡಿಸದೆ ಬರುತ್ತಿದ್ದವು. ಮಡಿಕೆಗಳನ್ನು ಚಾಕುವಿನಿಂದ ಕತ್ತರಿಸಿಕೊಳ್ಳುತ್ತಲೇ ಓದಬೇಕು. ಗಂಡ ಸತ್ತ ಮೇಲೆ ಆತನ ದೋಣಿಯನ್ನು ತಾನೇ ನಡೆಸಿ ಜನರನ್ನು ಹೊಳೆ ದಾಟಿಸುವ ಹೆಂಗಸಿನ ಕತೆ ಅದು.

ಭಾವ ಮಗ್ಗದ ಕೆಲಸ ಬಿಟ್ಟು ಊಟಕ್ಕೇಳುವ ಹೊತ್ತಿಗೆ ನಾನು ಓದಲು ಕೂಡುತ್ತಿದ್ದೆ. ಅಕ್ಕ ಗೋಡೆಗೆ ಒರಗಿ ನೆಲ ನೋಡುತ್ತ ಕೇಳುತ್ತಿದ್ದಳು. ನಾಲ್ಕು ದಿನ ಹೀಗೇ ಕಳೆಯಿತು. ಐದನೆಯ ದಿನ ಭಾವ ಸೀರೆಗಳನ್ನು ಕೊಟ್ಟುಬರಲು ರಬಕವಿಗೆ ಹೋಗಿದ್ದರು. ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹೊರಗೆ ಸುಡುಬಿಸಿಲು, ಒಂದು ಕಾಗೆಯ ದನಿಯೂ ಇಲ್ಲ. ಕತೆಯಲ್ಲಿ ಮಹಾಪೂರ ಬಂದು ದೋಣಿ ಮಗುಚುವ ಹಾಗಿತ್ತು. ಮುಂದಿನ ಮಡಿಕೆಗೆ ಚಾಕು ತಾಗಿಸಿದ್ದೆ.

"ಆಕಿ ಕೈಯಾಗಿನ ಹುಟ್ಟು ಒಗೀತಾಳ. ಕೂಸಿನ್ನ ಸೆರಗಿಗೆ ಕಟ್ಕೊಂಡು ಈಸ್ತಾಳ," ಎಂದಳು ಅಕ್ಕ. "ಕೂಸಿನ ಕೊಳ್ಳಾಗ ಕರಿ ದಾರ ಐತಿ."

ನಾಲ್ಕು ತಿಂಗಳ ಮೇಲೆ ಕೇಳಿದ ದನಿ. ಖುಷಿಪಡಬೇಕಿತ್ತು. ಆದರೆ ಹಾಳೆ ಕತ್ತರಿಸಿ ಆ ಸಾಲುಗಳನ್ನು ಎರಡೆರಡು ಸಲ ಓದಿಕೊಂಡೆ. ಹುಟ್ಟು, ಸೆರಗು, ಕರಿದಾರ, ಎಲ್ಲ ಅಲ್ಲಿತ್ತು. ದೋಣಿಯಲ್ಲಿ ಕೂಸೊಂದಿದೆ ಎಂಬ ಮಾತು ಅದಕ್ಕಿಂತ ಮೊದಲು ಕತೆಯಲ್ಲಿ ಎಲ್ಲಿಯೂ ಬಂದಿರಲಿಲ್ಲ.

ನಾನು ಓದು ಮುಂದುವರಿಸಿದೆ. ಮುಂದಿನ ಮಡಿಕೆಗೆ ಬಂದಾಗ ಬೇಕೆಂದೇ ನಿಲ್ಲಿಸಿ, ಮುಂದೇನು ಎಂದು ಕೇಳಿದೆ. ದಂಡೆಯಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ಕಂಬಳಿ ಹಾಸುತ್ತಾಳೆ ಎಂದಳು. ಅದೂ ಇತ್ತು. ಮೂರನೆಯ ಸಲ ನಾನು ಕೇಳಲಿಲ್ಲ. ಅಕ್ಕ ತಾನಾಗಿಯೇ ಕೈ ಅಡ್ಡ ಹಿಡಿದಳು.

"ಇದನ್ನ ನೀನ ಒಬ್ಬಾಕಿ ನೋಡು. ಆ ಕೂಸಿಗೆ ಹೆಸರಿಡ್ತಾರ. ನನ್ನ ಮಗಳ ಹೆಸರ."

ಹಿತ್ತಲಿಗೆ ಹೋಗಿ ಕತ್ತರಿಸಿದೆ. ಅವಸರಕ್ಕೆ ಹಾಳೆಯ ಅಂಚು ಹರಿಯಿತು. ಹೆಸರು ಅಲ್ಲಿತ್ತು. ನಮ್ಮ ಕಡೆ ಮೂರು ಮನೆಗೊಬ್ಬರಿಗೆ ಇರುವ ಹೆಸರು ಅದು, ಯಾರು ಬೇಕಾದರೂ ಬರೆದಾರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬಹಳ ಹೊತ್ತು ಒಳಗೆ ಹೋಗಲು ಧೈರ್ಯವಾಗಲಿಲ್ಲ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹೆಸರು ಬಂತೇ ಎಂದು ಕೇಳಿದಳು. ಬಂತು ಎಂದೆ. ತಲೆಯಾಡಿಸಿ ಮುಖ ತೊಳೆದುಕೊಂಡು ರೊಟ್ಟಿಗೆ ಹಿಟ್ಟು ಕಲಸತೊಡಗಿದಳು. ಸಂಜೆ ಭಾವ ಬಂದಾಗ ಊಟಕ್ಕೆ ಏಳಿರೆಂದು ಕರೆದಳು. ಅವರು ಎಡೆಯ ಮುಂದೆ ಕೂತು ಮಕ್ಕಳಂತೆ ಅತ್ತರು.

ಮರುವರ್ಷ ಬೇರೆ ಕಾದಂಬರಿ ಒಯ್ದಿದ್ದೆ. ಅಕ್ಕ ಎಲ್ಲರ ಹಾಗೆಯೇ ಕೇಳಿದಳು. ಮುಂದಿನದನ್ನು ಊಹಿಸಲು ಹೋಗಿ ತಪ್ಪಿ ನಕ್ಕಳು. ಆ ಸಲುಗೆಯಲ್ಲಿ, ಹಿಂದಿನ ಪುಸ್ತಕದ್ದು ಅವಳಿಗೆ ಹೇಗೆ ತಿಳಿಯಿತೆಂದು ಕೇಳಿಬಿಟ್ಟೆ.

ಅಕ್ಕ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ನೀನ ಓದಿದ್ದಿಯಲ್ಲಬೇ. ಕೂಸು ಹೋದ ದಿನಾ, ನನ್ನ ಬಾಜೂಕ ಕುಂತು."

ಆ ದಿನ ನಾನು ಜಮಖಂಡಿಯಲ್ಲಿದ್ದೆ. ಸುದ್ದಿ ನನಗೆ ಮುಟ್ಟಿದ್ದು ಮರುದಿನ.