ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯೊಳಗಿನ ಭಂಡಾರ

ಸಮಸ್ತ ಪಿಸಿ ಗೇಮರ್ ಮಹಾಜನರೇ, ಬೈಲಹೊಂಗಲದಿಂದ ಹೊರಟಿರುವ ಈ ಘೋಷಣೆಯನ್ನು ದಯವಿಟ್ಟು ಎದ್ದು ನಿಂತು ಓದಬೇಕು.

ಇವತ್ತು ಬೆಳಿಗ್ಗೆ ನನ್ನ ಆರು ವರ್ಷದ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ನಿಂತುಹೋಯಿತು. ಸಂಜೆ ರಾಮದುರ್ಗದ ಹುಡುಗರ ಜೊತೆ ಆನ್‌ಲೈನ್ ಮ್ಯಾಚ್ ಇತ್ತು. ಕಂಪ್ಯೂಟರ್ ಅಂಗಡಿಯವನು, "ಹೊಸಾದ ತಗೊಳ್ರಿ. ರೇಟ್ ಮಾತ್ರ ಕುಂತ ಕೇಳ್ರಿ," ಎಂದ. ಕುಳಿತೇ ಕೇಳಿದೆ. ಆ ರೊಕ್ಕಕ್ಕೆ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ, ಎರಡು ಹೆಲ್ಮೆಟ್ ಸಮೇತ.

ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವ ಇಮಾಮ್ ಕಾಕಾರ ಬಳಿ ಓಡಿದೆ. ಅವರು ಬಿಚ್ಚಿ ನೋಡಿದರೆ ಫ್ಯಾನಿನ ತುಂಬ ಹಳದಿ ಪುಡಿ.

"ಇದೇನೋ ತಮ್ಮಾ?"

"ಯಲ್ಲಮ್ಮನ ಗುಡಿ ಅರಿಷಿಣ, ಭಂಡಾರ ಕಾಕಾ. ನಮ್ಮವ್ವ ಹಾಕ್ಯಾಳ."

"ಮೋಟರ್ ಮ್ಯಾಲ ಹಚ್ಚಿದ್ದು ಭಾಳ ನೋಡೇನಿ. ಹೊಟ್ಟ್ಯಾಗ ಸುರವಿದ್ದು ಇವತ್ತ ನೋಡಿದೆ!"

ಬ್ರಷ್‌ನಿಂದ ಝಾಡಿಸಿ, ಹೊಲಿಗೆ ಮಷೀನಿನ ಎಣ್ಣೆಯನ್ನು ಒಂದು ಹನಿ ಬಿಟ್ಟರು. ಮನೆಗೆ ತಂದು ಕೂರಿಸಿದರೆ ಫ್ಯಾನ್ ಗಿರ್ರನೆ ತಿರುಗಿತು. ಸಂಜೆ ರಾಮದುರ್ಗ ಸೋತಿತು.

"ಹೊಸಾ ಕಾರ್ಡ್ ತಂದಿಯೇನಲೇ?" ಎಂದು ಆ ಹುಡುಗರು ಹೊಟ್ಟೆ ಉರಿದುಕೊಂಡು ಕೇಳಿದರು.

"ಇಲ್ಲಪಾ, ನಮ್ಮೂರಾಗ ಇಮಾಮ್ ಕಾಕಾ ಅದಾರ," ಎಂದೆ. ಹೇಳುವಾಗ ಎದೆ ಅಂಗಿಯ ಗುಂಡಿ ಹಿಡಿಯದಷ್ಟು ಉಬ್ಬಿತ್ತು.

ಒಂದು ಸಣ್ಣ ತಪ್ಪೊಪ್ಪಿಗೆ. ಅವ್ವ ಪಿಸಿಯ ಹೊರಗೆ ಭಂಡಾರದ ಒಂದು ಬೊಟ್ಟಷ್ಟೇ ಇಟ್ಟಿದ್ದಳು. ಹೊಸ ಕಾರ್ಡುಗಳ ರೇಟು ಏರುತ್ತಿದೆ ಎಂದು ಓದಿದ ದಿನ, ಇದಾದರೂ ಬಾಳಲಿ ಎಂದು ಒಳಗೆ ಒಂದು ಮುಷ್ಟಿ ಸುರುವಿದವನು ನಾನೇ.